ಐದನೇ ಪಾಠದ ತನಕ

ಹನ್ನೆರಡನೇ ತರಗತಿಯ ಅರ್ಥಶಾಸ್ತ್ರದ ಪುಸ್ತಕದಲ್ಲಿ ಹತ್ತು ಪಾಠಗಳಿವೆ. ಮೊದಲ ನಾಲ್ಕು ನನ್ನ ಅವ್ವನಿಗೆ ಬಾಯಿಪಾಠ. ರೊಟ್ಟಿ ಬಡಿಯುತ್ತ ಹೇಳುತ್ತಾಳೆ, ಬಟ್ಟೆ ಹಿಂಡುತ್ತ ಹೇಳುತ್ತಾಳೆ, ನಡುವಿನಿಂದ ಒಂದು ಸಾಲು ಎತ್ತಿಕೊಟ್ಟರೆ ಅದನ್ನೇ ಹಿಡಿದು ಪುಟದ ಕೊನೆಯವರೆಗೂ ಹೋಗುತ್ತಾಳೆ. ಐದನೇ ಪಾಠದ ಮುಖವನ್ನು ಮಾತ್ರ ಆಕೆ ನೋಡಿರಲಿಲ್ಲ. ದಸರೆಯಿಂದ ಎಳ್ಳಮಾಸಿಯ ತನಕ ಓದಿಯೂ ಒಬ್ಬಳು ನಾಲ್ಕೇ ಪಾಠದಲ್ಲಿ ಸುತ್ತುತ್ತಾಳೆಂದರೆ ನಿಮಗೆ ನಗು ಬರಬಹುದು. ನನಗೆ ಬಂದದ್ದು ಸಿಟ್ಟು. ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ನನ್ನ ಹೆಸರು ವೈಷ್ಣವಿ. ಹಣೆಗೆ ವಿಭೂತಿ ಹಚ್ಚದೆ ಚಹಾ ಕುಡಿಯದ ಮನೆಯಲ್ಲಿ ಈ ಹೆಸರು ಹೇಗೆ ಬಂತೆಂದು ಕೇಳಬೇಡಿ. ಯಾವುದೋ ಟಿವಿ ಧಾರಾವಾಹಿ ನೋಡಿ ಅವ್ವನೇ ಇಟ್ಟದ್ದು. ಊರು ಮರಾಠಿ ಸೀಮೆಯ ಉಮರಗಾ ತಾಲೂಕಿನ ಗುಂಜೋಟಿ. ನಾನು ಉದಗೀರದಲ್ಲಿ ಬಿ.ಎಸ್ಸಿ. ಮೊದಲನೇ ವರ್ಷ ಓದುತ್ತ ಹಾಸ್ಟೆಲಿನಲ್ಲಿದ್ದೆ. ಅವ್ವ ಚಂಪಾಬಾಯಿ ಊರಿನ ಅಂಗನವಾಡಿಯಲ್ಲಿ ಸಹಾಯಕಿ. ಹದಿನಾಲ್ಕು ವರ್ಷ ಆ ಬಾಗಿಲಿನ ಬೀಗ ತೆಗೆದಿದ್ದಾಳೆ, ಕಸ ಹೊಡೆದಿದ್ದಾಳೆ, ಖಿಚಡಿ ಬೇಯಿಸಿದ್ದಾಳೆ. ಮಕ್ಕಳಿಗೆ ಹಾಡು, ಎಣಿಕೆ ಹೇಳಿಕೊಟ್ಟದ್ದೂ ಹೆಚ್ಚಾಗಿ ಆಕೆಯೇ. ಅಂಗನವಾಡಿ ನಡೆಸುವ ಸೇವಿಕೆ ಸರುಬಾಯಿಯವರಿಗೆ ಮೊಣಕಾಲು ನೋವು, ಮೇಲಾಗಿ ಮಕ್ಕಳ ತೂಕವನ್ನು ಮೊಬೈಲಿನಲ್ಲಿ ತುಂಬುವುದರಲ್ಲೇ ಅವರ ಹೊತ್ತು ಹೋಗುತ್ತಿತ್ತು.

ಆ ಸರುಬಾಯಿ ಮೇ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಅವ್ವ ಹನ್ನೆರಡನೇ ತರಗತಿ ಪಾಸಾದರೆ ಆ ಜಾಗ ಆಕೆಗೆ. ಆಗದಿದ್ದರೆ ಹೊರಗಿನವರಿಂದ ಅರ್ಜಿ ಕರೆಯುತ್ತಾರೆ. ಊರಿಗೆ ಹೊಸದಾಗಿ ಸೊಸೆಯಾಗಿ ಬಂದ ಸಪ್ನಾ ಎಂಬ ಪದವೀಧರೆ ಆಗಲೇ ಕಾಗದಪತ್ರ ಜೋಡಿಸಿಕೊಂಡು ಕೂತಿದ್ದಳು. ನಮ್ಮ ಅಂಗನವಾಡಿಯಲ್ಲಿ ಇನ್ನೊಂದು ಸಲ ಜಾಗ ಖಾಲಿಯಾಗುವ ಹೊತ್ತಿಗೆ ಅವ್ವನೇ ನಿವೃತ್ತಳಾಗಿರುತ್ತಾಳೆ.

ಅವ್ವನ ತವರು ನಿಲಂಗಾ. ಹನ್ನೆರಡನೇ ತರಗತಿ ಓದುತ್ತಿರುವಾಗಲೇ, ವರ್ಷದ ನಡುವೆ, ಲಗ್ನ ಮಾಡಿ ಗುಂಜೋಟಿಗೆ ಕಳಿಸಿದರು. ಅದಾಗಿ ಹತ್ತೊಂಬತ್ತು ವರ್ಷ. ಹೊರಗಿನಿಂದ ಪರೀಕ್ಷೆಗೆ ಕೂಡುವವರು ತುಂಬುವ ಹದಿನೇಳು ನಂಬರಿನ ಅರ್ಜಿಯನ್ನು ನಾನೇ ತುಂಬಿದೆ, ಪುಸ್ತಕಗಳನ್ನು ಉಮರಗಾದಿಂದ ನಾನೇ ತಂದೆ. ಭಾಷೆ, ಇತಿಹಾಸ ಇವುಗಳ ಚಿಂತೆ ನನಗಿರಲಿಲ್ಲ. ಅವನ್ನು ಆಕೆ ಮಧ್ಯಾಹ್ನ ಗೋಡೆಗೆ ಆತು ಕೂತು ಕಥೆಯ ಹಾಗೆ ಓದಿಬಿಡುತ್ತಿದ್ದಳು. ಅರ್ಥಶಾಸ್ತ್ರ ಅಂದರೆ ಮಾತ್ರ ಆಕೆಯ ಮುಖ ಸಣ್ಣಗಾಗುತ್ತಿತ್ತು.

“ಅದು ಕಠಿಣ ಅದ. ಅದನ್ನ ಹ್ಯಾಂಗ ಬೇಕೋ ಹಂಗ ಓದಲಕ್ಕ ಬರಲ್ಲ. ನೇಮದಿಂದ ಓದಬೇಕು,” ಅಂದಳು.

ನೇಮ ಅಂದಾಗ ನನಗೆ ಖುಷಿಯಾಯಿತು. ದಡ್ಡಿ ನಾನು.

ಉದಗೀರದಿಂದ ಸಂಜೆ ಫೋನ್ ಮಾಡಿ ಕೇಳುತ್ತಿದ್ದೆ. “ಅರ್ಥಶಾಸ್ತ್ರ ಎಲ್ಲಿಗಿ ಬಂತವ್ವಾ?” “ಮೂರನೇದು ನಡದದ.” ವಾರ ಬಿಟ್ಟು ಕೇಳಿದರೆ, “ಎರಡನೇದು ನಡದದ.” ಬಾಯಿ ತಪ್ಪಿ ಹೇಳಿರಬೇಕು ಅಂದುಕೊಂಡೆ. ಮತ್ತೊಂದು ವಾರಕ್ಕೆ ನಾಲ್ಕನೆಯದು, ಅದರ ಮರುವಾರ ಮೊದಲನೆಯದು. ಪಾಠಗಳು ಮುಂದಕ್ಕೂ ಹಿಂದಕ್ಕೂ ಹೋಗುತ್ತಿದ್ದವು. ನನಗೋ ನನ್ನದೇ ಚಿಂತೆಗಳಿದ್ದವು, ಹೆಚ್ಚು ಕೆದಕಲಿಲ್ಲ.

ದೀಪಾವಳಿ ರಜೆಗೆ ಮನೆಗೆ ಬಂದಾಗ ಕಣ್ಣಾರೆ ಕಂಡೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮಣೆ ಹಾಕಿ, ಅವ್ವ ದೇವರ ಕೋಣೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಳು. ಮುಂದೆ ವ್ಯಾಸಪೀಠ, ಅದರ ಮೇಲೆ ಬೋರ್ಡಿನ ಅರ್ಥಶಾಸ್ತ್ರದ ಪುಸ್ತಕ, ಪಕ್ಕದಲ್ಲಿ ಉರಿಯುವ ದೀಪ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂಬುದನ್ನು ಆಕೆ ಶ್ರಾವಣದಲ್ಲಿ ಪುರಾಣದ ಪೋಥಿ ಓದುವ ಧಾಟಿಯಲ್ಲಿ, ಸಾಲಿನ ಕೊನೆಗೆ ಎಳೆದು ಎಳೆದು ಓದುತ್ತಿದ್ದಳು. ಆಯಿ, ಅಂದರೆ ನಮ್ಮಪ್ಪನ ತಾಯಿ ಪ್ರಯಾಗಬಾಯಿ, ಗೋಡೆಯ ಹತ್ತಿರ ಕೂತು ಕೈಮುಗಿದು ಕೇಳುತ್ತಿದ್ದಳು. ನಗು ತಡೆಯಲು ಬಾಯಿಗೆ ಸೆರಗು ಹಿಡಿಯುವುದಷ್ಟೇ ಬಾಕಿ, ನಾನು ಸೀರೆ ಉಡುವುದಿಲ್ಲ ಅಂತ ಬಚಾವು.

ದಿನಕ್ಕೊಂದು ಪಾಠದಂತೆ ಮೂರು ದಿನ ಓದಿದಳು. ನಾಲ್ಕನೇ ದಿನ ನಿಲಂಗಾದಿಂದ ಸೋದರಮಾವ ಬಂದ, ಓದು ತಪ್ಪಿತು. ಐದನೇ ದಿನ ನೋಡಿದರೆ ಮತ್ತೆ ಮೊದಲನೇ ಪಾಠ.

“ಅವ್ವಾ, ಇದು ಮುಗದದಲ್ಲ? ನಾಕನೇದು ತಗಿ.”

“ನಿನ್ನಿ ಓದಿಲ್ಲಲ್ಲ. ಖಂಡ ಆತು. ಖಂಡ ಆದ್ರ ಮೊದಲಿಂದ ಸುರು ಮಾಡಬೇಕು.”

ನಮ್ಮ ಮನೆಯಲ್ಲಿ ಪೋಥಿ ಪಾರಾಯಣಕ್ಕೆ ಆ ಕಟ್ಟಳೆ ಇದೆ, ನಿಜ. ನಡುವೆ ಒಂದು ದಿನ ತಪ್ಪಿದರೆ ಓದಿದ್ದೆಲ್ಲ ಲೆಕ್ಕಕ್ಕಿಲ್ಲ, ಮೊದಲಿನಿಂದ ಓದಬೇಕು. ಲಗ್ನವಾಗಿ ಬಂದ ಮೇಲೆ ಅವ್ವ ಕೈಯಲ್ಲಿ ಹಿಡಿದು ಓದಿದ್ದು ಆ ಪೋಥಿ ಒಂದನ್ನೇ. ಓದುವುದು ಅಂದರೆ ಹೀಗೆಯೇ ಎಂದು ಆಕೆಯ ಕೈಕಾಲುಗಳಿಗೆ ರೂಢಿಯಾಗಿಬಿಟ್ಟಿತ್ತು. ಹೀಗೆ ಒಂದು ತಿಂಗಳಲ್ಲಿ ಪೋಲಿಯೋ ಡೋಸಿನ ಭಾನುವಾರ ಖಂಡ, ಮಕ್ಕಳ ತೂಕದ ದಿನ ಖಂಡ, ಪಕ್ಕದ ಮನೆಯ ಸೀಮಂತಕ್ಕೆ ಖಂಡ. ಪ್ರತಿಸಲವೂ ಮೊದಲನೇ ಪಾಠ.

“ಅವ್ವಾ, ಇದು ಪೋಥಿ ಅಲ್ಲ! ಬೋರ್ಡಿನ ಪುಸ್ತಕ!”

“ಅರ್ಧಾ ಬಿಟ್ಟು ಮುಂದ ಹೋದ್ರ ಫಲ ಸಿಗಲ್ಲ ವೈಷ್ಣವಿ.”

“ಫಲ ತಗೊಂಡು ಏನ್ ಮಾಡ್ತಿ? ನಿಂಗ ಮಾರ್ಕ್ ಬೇಕು, ಮಾರ್ಕ್!”

“ಒದರಬ್ಯಾಡ,” ಎಂದು ಆಯಿ ಗೋಡೆಯ ಬಳಿಯಿಂದ ಹೇಳಿದಳು. “ಆಕಿ ನೇಮದಿಂದ ಓದ್ಲಕತ್ಯಾಳ. ನಿನ್ನಂಗ ಮಕ್ಕೊಂಡು ಮೊಬೈಲ್ ನೋಡ್ಕೋತ ಓದಂಗಿಲ್ಲ. ನಿಂದೇನೋ ಬರೆಯೋದು ಅದ ಅಂದಿದ್ದಿ, ಬರದೇನು?”

ಅದು ನನ್ನ ಪ್ರಾಕ್ಟಿಕಲ್ ಜರ್ನಲ್. ಹದಿನಾರು ಪ್ರಯೋಗ ಬರೆಯಬೇಕಿತ್ತು, ಎರಡು ಬರೆದಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತ ಆಯಿ ನನ್ನ ಮುಖಕ್ಕೆ ಅನ್ನಲಿಲ್ಲ, ಅಂದಷ್ಟೇ ಆಯಿತು. ಆದರೆ ನನ್ನ ಜರ್ನಲಿಗೂ ಅವ್ವನ ಪರೀಕ್ಷೆಗೂ ಏನು ಸಂಬಂಧ ಎಂದು ಆಗ ನನಗೆ ಅನಿಸಿತು.

ದಾರಿ ತೋರಿಸಿದ್ದೂ ಆಯಿಯೇ. ನಾನು ಎರಡು ದಿನ ಮಾತು ಬಿಟ್ಟು ಕೂತದ್ದು ನೋಡಿ ಕರೆದು ಹೇಳಿದಳು. “ಮನಿಯಾಗಿನ ಇನ್ನೊಬ್ಬರು ಆ ದಿನದ್ದು ಓದಿದ್ರ ಖಂಡ ಆಗಂಗಿಲ್ಲ. ನಂಗ ಕಣ್ಣು ಬ್ಯಾನಿ ಬಂದಾಗ ನಿಮ್ಮವ್ವನೇ ಓದ್ಯಾಳ, ನಡದದ. ನಿಮ್ಮವ್ವಗ ಆಗದ ದಿನಾ ನೀ ಓದು.”

ಕುಣಿದಾಡುವಷ್ಟು ಸಂತೋಷವಾಯಿತು. ಕಟ್ಟಳೆಯ ಬಾಯಿಂದಲೇ ಕಟ್ಟಳೆಯಿಂದ ಬಿಡುಗಡೆ. ಅವ್ವನೂ ಒಪ್ಪಿದಳು. ನಾನು ಉದಗೀರಕ್ಕೆ ಹೋದ ಮೇಲೂ ಅದೇ ಏರ್ಪಾಟು: ಆಕೆಗೆ ಆಗದ ದಿನ ಫೋನ್ ಬರುತ್ತದೆ, ಆ ದಿನದ ಪಾಠವನ್ನು ನಾನು ಹಾಸ್ಟೆಲಿನಲ್ಲಿ ಕೂತು ಓದಿ, ಆಯಿತು ಎಂದು ಮೆಸೇಜು ಹಾಕಬೇಕು. ಅದಕ್ಕಾಗಿ ಇನ್ನೊಂದು ಪ್ರತಿ ಕೊಂಡೆ. ಭೌತಶಾಸ್ತ್ರದ ಹುಡುಗಿ ಅರ್ಥಶಾಸ್ತ್ರ ಓದುತ್ತ ಕೂತದ್ದು ನೋಡಿ ಕೋಣೆಯ ಗೆಳತಿಯರು ನಕ್ಕರು.

ಮೊದಲ ನಾಲ್ಕು ದಿನ ಅವ್ವ ತಾನೇ ಓದಿದಳು. ಐದನೇ ದಿನ ಫೋನ್ ಬಂತು. “ಇವತ್ತ ಸಾಹೇಬರು ಬರವರಿದ್ದಾರ, ಅಂಗನವಾಡಿ ಸಾರಸಬೇಕು. ನೀ ಓದು.” ಓದಿದೆ. ಆರನೇ ದಿನ ತಲೆನೋವು. ಓದಿದೆ. ಏಳನೇ ದಿನ ಸೋಯಾ ಚೀಲ ತುಂಬುವುದಿತ್ತು. ಹೀಗೆ ಐದರಿಂದ ಹತ್ತರ ತನಕ ಪೂರ್ತಿ ನಾನೇ ಓದಿದೆ. ಹನ್ನೊಂದನೇ ದಿನ ಆಕೆ ಫೋನ್ ಮಾಡಿ ಖುಷಿಯಿಂದ ಹೇಳಿದಳು, “ಸಮಾಪ್ತಿ ಆತು ವೈಷ್ಣವಿ. ಹುಗ್ಗಿ ಮಾಡೀನಿ. ನಾಳಿಂದ ಎರಡನೇ ಪಾರಾಯಣ.”

ನಾನು ಫೋನನ್ನು ಹಾಸಿಗೆಯ ಮೇಲೆ ಎಸೆದೆ. ನಿಮಗಾದರೂ ಏನನಿಸುತ್ತಿತ್ತು? ಪುಸ್ತಕ ಮುಗಿದಿದೆ, ನೈವೇದ್ಯವಾಗಿದೆ, ಪರೀಕ್ಷೆಗೆ ಕೂಡುವವಳಿಗೆ ಅರ್ಧ ಪುಸ್ತಕ ಗೊತ್ತಿಲ್ಲ. ಎರಡನೇ ಸಲವೂ ಹೀಗೇ ಆಯಿತು. ನಾಲ್ಕರ ತನಕ ಆಕೆ, ಐದರಿಂದ ನಾನು. ಆಕೆಯ ಪರವಾಗಿ ಓದುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಬೇಗ ಪುಟ ಮುಗಿಸಿ ಮೆಸೇಜು ಹಾಕುವುದು. ಕಡೆಗೆ ನನಗೂ ಅದು ಪಾರಾಯಣವೇ ಆಗಿತ್ತು.

ಎಳ್ಳಮಾಸಿಗೆ ಊರಿಗೆ ಬಂದೆ. ನಮ್ಮ ಕಡೆ ಆ ಅಮಾವಾಸ್ಯೆಯ ದಿನ ಮನೆಯಲ್ಲಿ ಯಾರೂ ಉಳಿಯುವುದಿಲ್ಲ, ಎಲ್ಲರೂ ಹೊಲದಲ್ಲೇ. ಜೋಳದ ದಂಟಿನ ಕೊಪ್ಪಿ, ಅಂದರೆ ಸಣ್ಣ ಗುಡಿಸಲು, ಕಟ್ಟಿ ಪೂಜೆ ಮಾಡಿ, ಕಾಳು ಸೊಪ್ಪಿನ ಭಜ್ಜಿ, ಅಂಬಲಿ ಉಂಡು, ಅಪ್ಪ ಅಲ್ಲೇ ಮಲಗಿದ್ದ. ಆಯಿ ಬಂದವರಿಗೆ ಬಡಿಸುತ್ತಿದ್ದಳು. ಪರೀಕ್ಷೆಗೆ ಎರಡು ತಿಂಗಳೂ ಉಳಿದಿರಲಿಲ್ಲ. ನಾನು ಚೀಲದಿಂದ ಪುಸ್ತಕ ತೆಗೆದು ಐದನೇ ಪಾಠ ಬಿಡಿಸಿ ಅವ್ವನ ತೊಡೆಯ ಮೇಲಿಟ್ಟೆ. ಆಕೆ ಕಣ್ಣು ತಪ್ಪಿಸಿ ಪುಸ್ತಕ ಮುಚ್ಚಿದಳು.

“ಇವತ್ತ ಅಮಾಸಿ. ಉದ್ಯಾ ಬಘೂ,” ಅಂದಳು. ನಾಳೆ ನೋಡೋಣ ಅಂತ. ನಮ್ಮ ಮನೆಯಲ್ಲಿ ಕನ್ನಡದ ನಡುವೆ ದಿನಕ್ಕೆ ಹತ್ತು ಸಲ ಬೀಳುವ ಮರಾಠಿ ಮಾತು ಅದು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. “ಖರೆ ಹೇಳು. ಶ್ರಾವಣದಾಗ ಜ್ವರ ಬಂದ್ರೂ ಪೋಥಿ ಬಿಡಂಗಿಲ್ಲ ನೀ. ಒಂದ್ ಸಲ ಸುದ್ದಾ ಖಂಡ ಆಗಿಲ್ಲ. ಇದಕ್ಕ ಹ್ಯಾಂಗ ಬರೋಬ್ಬರಿ ಐದನೇದು ಬರೋದ್ರಾಗೇ ಖಂಡ ಆಗ್ತದ? ಕುಣೀಲಾರದಾಕಿ ಅಂಗಳ ಡೊಂಕ ಅಂದಳಂತ. ಹಿಂಗೇ ಮಾಡು. ಸಪ್ನಾ ಬರ್ತಾಳ, ಕುರ್ಚಿ ಮ್ಯಾಲ ಕೂಡ್ತಾಳ. ನೀ ಆಕಿ ಮುಂದ ಕಸಾ ಹೊಡಿ.”

ಆಡಬಾರದ ಮಾತು. ಆಡುವಾಗಲೇ ಗೊತ್ತಿತ್ತು, ನಿಲ್ಲಿಸಲಾಗಲಿಲ್ಲ. ಅವ್ವ ಕೈಗೆ ಸಿಕ್ಕ ಜೋಳದ ಗರಿಯೊಂದನ್ನು ಉದ್ದಕ್ಕೆ ಹರಿದಳು. ಆಮೇಲೆ, ಬಡಿಸುತ್ತಿದ್ದ ಆಯಿಗೆ ಕೇಳದ ಹಾಗೆ ಹೇಳಿದಳು.

“ನಿಲಂಗಾದಾಗ ನಾಕು ಪಾಠ ಆಗಿದ್ದವು. ಪುಸ್ತಕ ಈಗ ಬ್ಯಾರೆ ಅದ, ಖರೆ ಮೊದಲಿನ ಪಾಠ ಅವೇ ಅವ. ಸರ್ ಕೇಳಿದ್ರ ಕ್ಲಾಸಿನಾಗ ಮೊದಲ ನಂದೇ ಕೈ ಏಳತಿತ್ತು. ಐದನೇದು ಸುರು ಆಗೋದ್ರಾಗ ಲಗ್ನ ಆತು. ಹತ್ತೊಂಬತ್ತ ವರ್ಷ ನಾ ಎಲ್ಲರಿಗೂ ಹೇಳ್ಕೋತ ಬಂದೀನಿ, ಲಗ್ನ ಮಾಡಿದ್ರು, ಇಲ್ಲಂದ್ರ ನಾ ಫಸ್ಟ್ ಬರತಿದ್ದೆ ಅಂತ. ನಿಂಗೂ ಹೇಳೀನಿ. ಈಗ ಐದನೇದು ತಗದು ನೋಡಿ, ತಿಳೀಲಿಲ್ಲಂದ್ರ? ನಾಕರ ತನಕ ನಾ ಶಾಣೆ ಇದೀನಿ ವೈಷ್ಣವಿ. ಅಲ್ಲಿಂದ ಮುಂದ ಗೊತ್ತಿಲ್ಲ.”

ಅಂಜಿಕೆ ಅಂದರೆ ಅಂಜಿಕೆ, ಅದಕ್ಕೆ ಇಷ್ಟು ದಿನ ನೇಮದ ಹೊದಿಕೆ ಹೊದಿಸಿ ದೀಪ ಹಚ್ಚಿಟ್ಟಿದ್ದಳು. ಆ ಹೊತ್ತಿಗೆ ನಾನು ಮಾಡಬೇಕಾದ ಕೆಲಸ ಒಂದೇ ಇತ್ತು. ಪುಸ್ತಕ ಬಿಡಿಸಿ, ಅಲ್ಲೇ ಜೋಳದ ನಡುವೆ ಕೂತು, ಆಕೆಯ ಜೊತೆ ಐದನೇ ಪಾಠ ಓದುವುದು. ಅರ್ಧ ಗಂಟೆಯ ಕೆಲಸ.

ನಾನು ಏನು ಹೇಳಿದೆ ಗೊತ್ತೇ? “ಆತವ್ವಾ, ಅಳಬ್ಯಾಡ. ನಾಳಿಂದ ನಾ ಕೂತು ಹೇಳಿಕೊಡ್ತೀನಿ.”

ಮರುದಿನ ನಾನು ಊರಿನಲ್ಲಿರಲಿಲ್ಲ. ಜರ್ನಲ್ ಒಪ್ಪಿಸುವ ತಾರೀಖು ಎರಡು ದಿನಕ್ಕೆ ಬಂದಿತ್ತು, ನನ್ನ ಹದಿನಾಲ್ಕು ಪ್ರಯೋಗ ಹಾಗೇ ಬಿಳಿ ಉಳಿದಿದ್ದವು. ಬೆಳಿಗ್ಗೆ ಎದ್ದವಳೇ ಉದಗೀರದ ಬಸ್ಸು ಹಿಡಿದೆ. ನವೆಂಬರಿನಲ್ಲೇ ಬರೆದಿದ್ದರೆ ಇನ್ನು ನಾಲ್ಕು ದಿನ ಅವ್ವನ ಜೊತೆ ಇರಬಹುದಿತ್ತು. ಫೋನಿನಲ್ಲಿ ಹೇಳಿಕೊಡ್ತೀನಿ ಅಂದೆ. ಆಮೇಲೆ ನನ್ನ ಪ್ರಾಕ್ಟಿಕಲ್, ನನ್ನ ಸೆಮಿಸ್ಟರ್. ಫೋನಿನಲ್ಲಿ ಊಟವಾಯಿತೇ, ಚಳಿ ಇದೆಯೇ ಅಂತ ಕೇಳುತ್ತಿದ್ದೆ, ಐದನೇ ಪಾಠದ ಹೆಸರು ಇಬ್ಬರೂ ಎತ್ತುತ್ತಿರಲಿಲ್ಲ. ಎತ್ತಿದರೆ ಆಕೆ ಅಳುತ್ತಾಳೆಂದು ನನಗೆ ಹೆದರಿಕೆ, ನಾನು ಒದರುತ್ತೇನೆಂದು ಆಕೆಗೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ.

ಫೆಬ್ರುವರಿಯಲ್ಲಿ ಉಮರಗಾದಲ್ಲಿ ಪರೀಕ್ಷೆ ನಡೆಯಿತು. ಅರ್ಥಶಾಸ್ತ್ರದ ದಿನ ಮಧ್ಯಾಹ್ನ ಫೋನ್ ಮಾಡಿದೆ.

“ನಾಕು ಪಾಠದ್ದು ಏನೇನು ಕೇಳ್ಯಾರ, ಎಲ್ಲಾ ಬರದೀನಿ,” ಅಂದಳು. “ಪುರವಣಿ ಹಾಳಿ ತಗೊಂಡು ಬರದೀನಿ.” ದನಿಯಲ್ಲಿ ಹೆಮ್ಮೆ ಇತ್ತು. ಉಳಿದದ್ದು ನಾನು ಕೇಳಲಿಲ್ಲ.

ಫಲಿತಾಂಶ ಬಂತು. ಉಳಿದ ಎಲ್ಲ ವಿಷಯದಲ್ಲೂ ಪಾಸು, ಮರಾಠಿಯಲ್ಲಂತೂ ಎಪ್ಪತ್ತೊಂದು. ಅರ್ಥಶಾಸ್ತ್ರದಲ್ಲಿ ಒಂಬತ್ತು ಅಂಕ ಕಡಿಮೆ ಬಿದ್ದು ನಾಪಾಸು. ಮೇ ಮೂವತ್ತೊಂದಕ್ಕೆ ಸರುಬಾಯಿ ಶಾಲು ಹೊದ್ದು ನಿವೃತ್ತರಾದರು. ಆಮೇಲೆ ಅರ್ಜಿ ಕರೆದರು, ಸಪ್ನಾ ಸೇವಿಕೆಯಾದಳು. ಆಕೆ ಕೆಟ್ಟವಳಾಗಿದ್ದರೆ ಬೈದಾದರೂ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ಒಳ್ಳೆಯ ಹುಡುಗಿ. “ಮಾವಶೀ, ಇದನ್ನ ಹ್ಯಾಂಗ ಮಾಡ್ತೀರಿ? ಮಾವಶೀ, ಈ ಹುಡುಗ ಯಾಕ ಅಳ್ತಾನ?” ಎಂದು ಎಲ್ಲವನ್ನೂ ಅವ್ವನನ್ನೇ ಕೇಳಿ ಮಾಡುತ್ತಾಳೆ. ಅವ್ವ ಎಲ್ಲವನ್ನೂ ಹೇಳಿಕೊಟ್ಟು, ಕಸಬರಿಗೆ ತೆಗೆದುಕೊಳ್ಳುತ್ತಾಳೆ.

ಜುಲೈ ಪರೀಕ್ಷೆಯ ಅರ್ಜಿಯನ್ನು ನಾನು ಹಠಕ್ಕೆ ಬಿದ್ದು ತುಂಬಿದ್ದೆ. “ಊಟಕ್ಕಿಲ್ಲದ ಉಪ್ಪಿನಕಾಯಿ,” ಅಂದಳು ಆಯಿ.

ಜೂನ್ ಕೊನೆಯ ಒಂದು ಮಧ್ಯಾಹ್ನ ನಾನು ಅಡುಗೆಮನೆಯಿಂದ ಹೊರಗೆ ಬಂದರೆ ಅವ್ವ ಬಾಗಿಲ ಕಟ್ಟೆಯ ಮೇಲೆ ಕೂತಿದ್ದಳು. ಆಗಷ್ಟೇ ಅಂಗನವಾಡಿಯಿಂದ ಬಂದಿದ್ದಳು, ಸೆರಗಿಗೆ ಅರಿಶಿನದ ಕಲೆ ಇತ್ತು, ಕಾಲು ತೊಳೆದಿರಲಿಲ್ಲ. ಕೈಯಲ್ಲಿ ಅರ್ಥಶಾಸ್ತ್ರದ ಪುಸ್ತಕ. ಧಾಟಿ ಇಲ್ಲ, ದನಿಯೂ ಇಲ್ಲ, ತುಟಿಗಳು ಮಾತ್ರ ಅಲುಗುತ್ತಿದ್ದವು. ನಾನು ಹೊಸ್ತಿಲಲ್ಲೇ ನಿಂತೆ. ಪುಟ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ.

“ವೈಷ್ಣವಿ, ಇಲ್ಲಿ ಬಾ. ಐದನೇದು ಅಂದ್ರ ಇದೇ ಏನ?”

“ಹೂಂ ಅವ್ವಾ.”

“ಬಾಜಾರ. ಬಾಜಾರ ಎಷ್ಟು ನಮೂನಿ ಇರ್ತಾವ ಅಂತ.” ಬೆರಳಿನಿಂದ ಸಾಲು ತೋರಿಸಿದಳು. “ಮಾರವರು ಬಾಳ ಮಂದಿ ಇದ್ರ ಯಾರ ಮಾತೂ ನಡ್ಯಂಗಿಲ್ಲ, ಒಂದೇ ರೇಟ ಇರ್ತದ. ಊರಿಗೆಲ್ಲ ಒಬ್ಬನೇ ಮಾರವ ಇದ್ರ ಅಂವ ಹೇಳಿದ್ದೇ ರೇಟ. ಇಬ್ಬರು ಮೂವರು ಇದ್ರ ಒಬ್ಬರ ಮಾರಿ ಒಬ್ಬರು ನೋಡಿ ರೇಟ ಹಚ್ಚತಾರ. ಇದು ನಂಗ ಗೊತ್ತದ. ಸಂತ್ಯಾಗ ದಿನಾ ನೋಡೀನಿ. ಇದಕ್ಕಿಂತ ಮೂರನೇದು ಕಠಿಣ ಇತ್ತು, ಅಲ್ಲ?”

ನಿಜವಾಗಿಯೂ ಮೂರನೆಯದು ಕಠಿಣ. ನಾಲ್ಕನೆಯದು ಇನ್ನೂ ಕಠಿಣ. ಪುಸ್ತಕದ ಕಠಿಣ ಪಾಠಗಳನ್ನೇ ಆಕೆ ಬಾಯಿಪಾಠ ಮಾಡಿದ್ದಳು. ನಾನು ತಲೆ ಆಡಿಸಿದೆ.

“ಪರೀಕ್ಷಾದಾಗ ಇದೇ ಕೇಳಿದ್ರು. ಎಂಟು ಮಾರ್ಕಿಂದು. ಇನ್ನ ಸಣ್ಣಸಣ್ಣವೂ ಇದ್ದವು. ನಾಕರಾಗಿಂದು ಅಲ್ಲ ಅಂತ ನಾ ಪೂರ್ತಿ ಓದಿ ಸುದ್ದಾ ನೋಡಿಲ್ಲ, ಬಿಟ್ಟು ಬಂದೆ.” ಪುಸ್ತಕದ ಮೇಲೆ ಅಂಗೈ ಊರಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಿರುಗಿ ಜಗಳವಾಡುತ್ತಿದ್ದೆ. “ಇಷ್ಟೇ ಅದ ಅಂತ ನೀ ಯಾಕ ಹೇಳಿಲ್ಲ ನಂಗ?”

ಆ ಪಾಠವನ್ನು ಆಕೆಯ ಪರವಾಗಿ ನಾನು ಎರಡು ಸಲ ಓದಿದ್ದೆ. ಎರಡೂ ಸಲ ಆಯಿತು ಎಂದು ಮೆಸೇಜು ಹಾಕಿದ್ದೆ. ಅದರಲ್ಲಿ ಏನಿದೆ ಎಂದು ಮಾತ್ರ ಒಂದು ಸಲವೂ ಹೇಳಿರಲಿಲ್ಲ.